ಪಾದ್ರಿ ಅಂಚೆಚೀಟಿ ಬೇಡಿದ್ದು ಯಾಕೆ?

ಪ್ರಶ್ನೆ: ಹೋದ ವರ್ಷ ಮಗಳನ್ನು ನೋಡಲು ಲಂಡನ್‌ಗೆ ಹೋಗಿದ್ದೆವು. ಅವಳ ಮನೆ ಸದರ್ಕ್‌ನಲ್ಲಿ. ಹತ್ತಿರದಲ್ಲೇ ಸೇಂಟ್ ಜಾರ್ಜ್ ಕೆಥೆಡ್ರಲ್ ಇದೆ. ದೊಡ್ಡ ಚರ್ಚು, ಆದರೆ ಗೋಪುರ ಮಾತ್ರ ಅರ್ಧಕ್ಕೇ ನಿಂತಿದೆ. ಅದನ್ನು ಕಟ್ಟಿಸಿದ ಪಾದ್ರಿ ಯೂರೋಪೆಲ್ಲ ಸುತ್ತಿ ಹಣ ಬೇಡಿದ್ದರಂತೆ. ಅಲ್ಲೇ ಒಂದು ಹಳೇ ಪುಸ್ತಕದಂಗಡಿಯಲ್ಲಿ 1860ರ ದಶಕದ ಕ್ಯಾಥೊಲಿಕ್ ವಾರಪತ್ರಿಕೆಯ ಕಟ್ಟು ಸಿಕ್ಕಿತು. ಪ್ರತಿ ಸಂಚಿಕೆಯಲ್ಲೂ ಪಾದ್ರಿಗಳ ಮನವಿಯೇ ಮನವಿ. ಶಾಲೆಗೆ ಕೊಡಿ, ಸಾಲ ತೀರಿಸಲು ಕೊಡಿ, ಏನೂ ಆಗದಿದ್ದರೆ ಅಂಚೆಚೀಟಿಯನ್ನಾದರೂ ಕಳಿಸಿ! ಅಷ್ಟು ದೊಡ್ಡ ಸಾಮ್ರಾಜ್ಯ ಆಳುತ್ತಿದ್ದ ದೇಶದ ಚರ್ಚಿಗೆ ಇಂಥ ಗತಿ ಯಾಕೆ ಬಂತು? ಈ ಗೋಳು ನಿಜವೋ, ದುಡ್ಡು ಎತ್ತುವ ನಾಟಕವೋ?
ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಕೈಗೆ ಒಳ್ಳೇ ಕಟ್ಟೇ ಸಿಕ್ಕಿದೆ. ಇಂಥ ಹಳೇ ಪತ್ರಿಕೆ ಸಿಕ್ಕಿದರೆ ಎಲ್ಲರೂ ಸಂಪಾದಕೀಯ ಓದುತ್ತಾರೆ, ಬಿಷಪ್ಪರ ಭಾಷಣ ಓದುತ್ತಾರೆ, ಜಾಹೀರಾತಿನ ಪುಟವನ್ನು ಮಗುಚಿ ಮುಂದೆ ಹೋಗುತ್ತಾರೆ. ನನ್ನನ್ನು ಕೇಳಿದರೆ ಆ ಕಾಲದ ಕ್ಯಾಥೊಲಿಕ್ ಬದುಕು ಇರುವುದು ಆ ಜಾಹೀರಾತಿನ ಪುಟದಲ್ಲೇ.

ಮೊದಲು ಒಂದು ಗಂಟು ಬಿಡಿಸೋಣ. 'ದೇಶದ ಚರ್ಚು' ಅಂದಿರಿ. ಅದು ಬೇರೆ, ಇದು ಬೇರೆ. ಇಂಗ್ಲೆಂಡಿನ ಅಧಿಕೃತ ಚರ್ಚು ಆಂಗ್ಲಿಕನ್ ಚರ್ಚು. 16ನೇ ಶತಮಾನದಲ್ಲಿ ದೊರೆ 8ನೇ ಹೆನ್ರಿ ರೋಮಿನ ಜೊತೆ ಸಂಬಂಧ ಕಡಿದುಕೊಂಡ. ಆಮೇಲೆ ಕ್ಯಾಂಟರ್‌ಬರಿ, ಯಾರ್ಕ್‌ನಂಥ ಹಳೇ ಕೆಥೆಡ್ರಲ್‌ಗಳು, ಅವುಗಳ ಜಮೀನು, ರೈತರಿಂದ ಬರುತ್ತಿದ್ದ ದಶಾಂಶ, ಎಲ್ಲ ಆ ಕಡೆಗೆ ಹೋದವು. ಪೋಪರನ್ನು ಬಿಡದ ಕ್ಯಾಥೊಲಿಕರಿಗೆ ಉಳಿದದ್ದು ನಂಬಿಕೆ ಮತ್ತು ದಂಡ. ಇಷ್ಟೂ ಸಾಲದು ಅಂತ, ಊರಿನ ಆಂಗ್ಲಿಕನ್ ಚರ್ಚಿನ ರಿಪೇರಿಗೆ ಕ್ಯಾಥೊಲಿಕರೂ ತೆರಿಗೆ ಕಟ್ಟಬೇಕಿತ್ತು. ಈ ಕಡ್ಡಾಯ ತೆರಿಗೆ ಹೋದದ್ದು 1868ರಲ್ಲಿ. ಅಂದರೆ ನಿಮ್ಮ ಕಟ್ಟಿನ ಮೊದಲ ಸಂಚಿಕೆಗಳ ಕಾಲದಲ್ಲಿ ಒಬ್ಬ ಬಡ ಕ್ಯಾಥೊಲಿಕ್ ಅಂಗಡಿಯವನು ತಾನು ಕಾಲಿಡದ ಚರ್ಚಿನ ಹಂಚಿಗೂ ಕೊಟ್ಟು, ತನ್ನ ಚರ್ಚಿನ ಹಂಚಿಗೂ ಕೊಡಬೇಕಾಗಿತ್ತು.

ಎರಡನೇ ಗಂಟು ಕಾನೂನಿನದು. ಇದನ್ನು ಬಹಳ ಜನ ಗಮನಿಸುವುದಿಲ್ಲ. ನನಗೆ ಮಾತ್ರ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ ಅನ್ನಿಸುತ್ತದೆ. 1791ರಲ್ಲಿ ಕ್ಯಾಥೊಲಿಕರಿಗೆ ಪೂಜೆಯ ಮನೆ ಕಟ್ಟಿಕೊಳ್ಳಲು ಅನುಮತಿ ಸಿಕ್ಕಿತು, ಆದರೆ ಗೋಪುರ ಇರಬಾರದು, ಗಂಟೆ ಇರಬಾರದು. 1829ರಲ್ಲಿ ಪಾರ್ಲಿಮೆಂಟಿನ ಬಾಗಿಲು ತೆರೆಯಿತು. 1832ರಲ್ಲಿ ಕ್ಯಾಥೊಲಿಕ್ ಧರ್ಮದತ್ತಿಗಳಿಗೆ ಕಾನೂನಿನ ಮಾನ್ಯತೆ ಬಂತು. ಆದರೂ ಒಂದು ಮುಳ್ಳು ಉಳಿಯಿತು. ಸತ್ತವರ ಆತ್ಮಕ್ಕಾಗಿ ಪೂಜೆ ಮಾಡಿಸಲು ಉಯಿಲಿನಲ್ಲಿ ಹಣ ಬರೆದಿಟ್ಟರೆ ಕೋರ್ಟು ಅದನ್ನು 'ಮೂಢನಂಬಿಕೆಯ ಬಳಕೆ' ಅಂತ ತಳ್ಳಿಹಾಕುತ್ತಿತ್ತು. 1835ರ ಒಂದು ತೀರ್ಪು ಇದನ್ನು ಗಟ್ಟಿ ಮಾಡಿತು. ಅದು ಬಿದ್ದುಹೋದದ್ದು 1919ರಲ್ಲಿ!

ಇದರ ಪೆಟ್ಟು ಎಲ್ಲಿ ಬಿತ್ತು ನೋಡಿ. ಇಂಗ್ಲೆಂಡಿನಲ್ಲಿದ್ದ ಐರಿಷ್ ಅಜ್ಜಿಯೊಬ್ಬಳು ಸಾಯುವಾಗ ಚರ್ಚಿಗೆ ಹಣ ಬಿಡಬೇಕು ಅಂದುಕೊಂಡರೆ ಅವಳ ಮನಸ್ಸಿಗೆ ಮೊದಲು ಬರುವುದು 'ನನ್ನ ಹೆಸರಲ್ಲಿ ಪೂಜೆ ಆಗಲಿ' ಅನ್ನೋದು. ಯೂರೋಪಿನ ಬೇರೆ ಕ್ಯಾಥೊಲಿಕ್ ದೇಶಗಳಲ್ಲಿ ಚರ್ಚಿನ ದತ್ತಿ ಬೆಳೆದದ್ದು ಬಹುಪಾಲು ಇಂಥ ಆಸೆಯಿಂದಲೇ. ಇಂಗ್ಲೆಂಡಿನಲ್ಲಿ ಆ ದಾರಿ ಮುಚ್ಚಿತ್ತು. ಸತ್ತವರು ಕೊಡುವ ಹಾಗಿಲ್ಲ. ಹಾಗಾಗಿ ಬದುಕಿದ್ದವರ ಹತ್ತಿರವೇ ವಾರ ವಾರ ಕೇಳಬೇಕು. ನಿಮ್ಮ ಪತ್ರಿಕೆ ತುಂಬ ಮನವಿ ಇರುವುದಕ್ಕೆ ಇದೂ ಒಂದು ಕಾರಣ.

ಇನ್ನು ಜನ. 18ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕರು ಸುಮಾರು 80,000 ಇದ್ದರು ಅಂತ ಲೆಕ್ಕ ಹಾಕುತ್ತಾರೆ. ಹಳ್ಳಿಗಾಡಿನ ಕೆಲವು ಜಮೀನ್ದಾರಿ ಮನೆತನಗಳು, ಅವರ ಒಕ್ಕಲು, ಅವರ ಆಳುಕಾಳು. ದೊಡ್ಡ ಮನೆಯ ಮೂಲೆಯಲ್ಲಿ ಒಂದು ಪೂಜೆಯ ಕೋಣೆ. ಪಾದ್ರಿಗೆ ಊಟ, ವಸತಿ, ಸಂಬಳ ಎಲ್ಲ ಧಣಿಯದೇ. ಲಂಡನ್‌ನಲ್ಲಾದರೆ ಸಾರ್ಡೀನಿಯಾ, ಬವೇರಿಯಾ, ಸ್ಪೇನ್, ಪೋರ್ಚುಗಲ್ ರಾಯಭಾರಿಗಳ ಖಾಸಗಿ ಚಾಪೆಲ್‌ಗಳಿದ್ದವು, ಅಂದರೆ ಸಣ್ಣ ಪೂಜಾಮಂದಿರಗಳು. ಅಲ್ಲಿ ಒಳ್ಳೇ ಸಂಗೀತ ಇರುತ್ತಿತ್ತು, ಪ್ರಾಟೆಸ್ಟೆಂಟರೂ ಕೇಳಲು ಬರುತ್ತಿದ್ದರು. ಆಗ ಯಾರೂ ಬೀದಿಯಲ್ಲಿ ನಿಂತು ಬೇಡಬೇಕಿರಲಿಲ್ಲ.

ಆಮೇಲೆ ಐರಿಷರು ಬಂದರು. ಮೊದಲಿಂದಲೂ ಬರುತ್ತಿದ್ದರು, ಆದರೆ 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಬರಗಾಲ ಶುರುವಾದ ಮೇಲೆ ಪ್ರವಾಹವೇ ಬಂತು. 1847ರ ಒಂದೇ ವರ್ಷ ಲಿವರ್‌ಪೂಲ್ ಬಂದರಿಗೆ ಸುಮಾರು 3 ಲಕ್ಷ ಐರಿಷರು ಬಂದಿಳಿದರು. ಅಮೆರಿಕಕ್ಕೆ ಹಡಗು ಹತ್ತಲು ಕೈಲಿ ದುಡ್ಡಿಲ್ಲದವರು ಅಲ್ಲೇ ಉಳಿದರು. ಬೆಳಕು ಕಾಣದ ನೆಲಮಾಳಿಗೆಗಳಲ್ಲಿ ಒಂದರ ಮೇಲೊಂದು ಕುಟುಂಬ. ಟೈಫಸ್ ಜ್ವರ ಹಬ್ಬಿತು. ಸಾಯುತ್ತಿರುವವನ ಪಾಪನಿವೇದನೆ ಕೇಳಬೇಕಾದರೆ ಪಾದ್ರಿ ಅವನ ಬಾಯಿಗೆ ಕಿವಿ ಕೊಡಬೇಕು. ಆ ವರ್ಷ ಲಿವರ್‌ಪೂಲ್ ಒಂದರಲ್ಲೇ ಹತ್ತು ಪಾದ್ರಿಗಳು ಆ ಜ್ವರಕ್ಕೆ ಬಲಿಯಾದರು. ಲೀಡ್ಸ್‌ನಲ್ಲಿ ಐವರು. ನ್ಯೂಕ್ಯಾಸಲ್‌ನಲ್ಲಿ ಬಿಷಪ್ ವಿಲಿಯಂ ರಿಡೆಲ್ ಅವರೇ ತೀರಿಕೊಂಡರು. ಮುಂದೆ ಯಾವಾಗಲಾದರೂ ಲಿವರ್‌ಪೂಲಿಗೆ ಹೋದರೆ ಸೇಂಟ್ ಪ್ಯಾಟ್ರಿಕ್ ಚರ್ಚಿನ ಅಂಗಳದಲ್ಲಿ ಆ ಹತ್ತು ಜನರ ನೆನಪಿನ ಕಲ್ಲಿನ ಶಿಲುಬೆ ನೋಡಿ.

1851ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಐರ್ಲೆಂಡಿನಲ್ಲೇ ಹುಟ್ಟಿದವರು 5.2 ಲಕ್ಷ. ಅದೇ ವರ್ಷ ಮಾರ್ಚ್ 30ರ ಭಾನುವಾರ ಯಾವ ಚರ್ಚಿಗೆ ಎಷ್ಟು ಜನ ಬಂದರು ಅಂತ ಸರ್ಕಾರ ಎಣಿಸಿತು. ಕ್ಯಾಥೊಲಿಕ್ ಪೂಜೆಗೆ ಬಂದವರು ಸುಮಾರು 2.5 ಲಕ್ಷ. ಅಂದರೆ ಅರ್ಧಕ್ಕಿಂತ ಜಾಸ್ತಿ ಜನ ಬರಲೇ ಇಲ್ಲ. ಬಾರದೇ ಇದ್ದದ್ದಕ್ಕೆ ಭಕ್ತಿ ಕಮ್ಮಿ ಅನ್ನೋದು ಒಂದೇ ಕಾರಣ ಅಲ್ಲ. ಕೂರಲು ಜಾಗ ಇರಲಿಲ್ಲ. ಭಾನುವಾರ ಹಾಕಿಕೊಳ್ಳಲು ಬಟ್ಟೆ ಇರಲಿಲ್ಲ, ಅದೆಷ್ಟೋ ಮನೆಗಳಲ್ಲಿ ಅದು ಗಿರವಿ ಅಂಗಡಿಯಲ್ಲಿ ಇರುತ್ತಿತ್ತು.

ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ಇದ್ದವರು ಪೋಪರ ಪ್ರತಿನಿಧಿಗಳಾದ ಬಿಷಪ್ಪರು. 1850ರಲ್ಲಿ ಪೋಪ್ 9ನೇ ಪಿಯುಸ್ ಮತ್ತೆ ಊರಿನ ಹೆಸರಿನ ಪೀಠಗಳಿಗೇ ಬಿಷಪ್ಪರನ್ನು ನೇಮಿಸಿದರು. ವೆಸ್ಟ್‌ಮಿನ್‌ಸ್ಟರ್‌ಗೆ ಕಾರ್ಡಿನಲ್ ವೈಸ್‌ಮನ್ ಬಂದರು. ದೇಶದಲ್ಲಿ ದೊಡ್ಡ ಗಲಾಟೆಯಾಯಿತು. ನವೆಂಬರ್ 5ರ ಬೆಂಕಿಹಬ್ಬದಲ್ಲಿ ಪೋಪರ ಮತ್ತು ವೈಸ್‌ಮನ್ನರ ಬೊಂಬೆಗಳನ್ನು ಸುಟ್ಟರು, ಮರುವರ್ಷ ಪಾರ್ಲಿಮೆಂಟು ಈ ಬಿಷಪ್ ಪದವಿಗಳ ವಿರುದ್ಧ ಒಂದು ಕಾಯ್ದೆ ಮಾಡಿತು, 20 ವರ್ಷದ ಮೇಲೆ ತೆಗೆದೂ ಹಾಕಿತು. ಇತಿಹಾಸದ ಪುಸ್ತಕಗಳು ಇದಕ್ಕೇ ಪುಟಗಟ್ಟಲೆ ಕೊಡುತ್ತವೆ. ಗಲ್ಲಿಯ ಪಾದ್ರಿಗೆ ಮಾತ್ರ ಅವತ್ತಿನ ಚಿಂತೆ ಬೇರೆ: ಈ ತಿಂಗಳ ಬಾಡಿಗೆ ಹೇಗೆ?

ಒಂದು ಹೊಸ ಮಿಷನ್ ಹೇಗೆ ಹುಟ್ಟುತ್ತಿತ್ತು ಅಂತ ಹೇಳುತ್ತೇನೆ. ಆಗ ಅಲ್ಲಿ 'ಧರ್ಮಕೇಂದ್ರ' ಅನ್ನುತ್ತಿರಲಿಲ್ಲ, 'ಮಿಷನ್' ಅನ್ನುತ್ತಿದ್ದರು. ಯಾಕೆಂದರೆ 1908ರವರೆಗೂ ರೋಮಿನ ಕಡತದಲ್ಲಿ ಇಂಗ್ಲೆಂಡ್ ಒಂದು ಮಿಷನ್ ದೇಶ, ನಮ್ಮ ಹಾಗೇನೇ! ಬಿಷಪ್ ಒಬ್ಬ ಎಳೇ ಪಾದ್ರಿಯನ್ನು ಒಂದು ಗಿರಣಿ ಊರಿಗೆ ಕಳಿಸುತ್ತಾರೆ. ಆತ ಮೊದಲು ಒಂದು ಜಾಗ ಹುಡುಕುತ್ತಾನೆ. ಕುದುರೆ ಲಾಯದ ಅಟ್ಟ, ಗೋದಾಮು, ಅಂಗಡಿಯ ಮೇಲಿನ ಕೋಣೆ, ಸಿಕ್ಕಿದ್ದು. ಬೆಳಗ್ಗೆ ಏಳೆಂಟು ಗಂಟೆಗೆ ಮೊದಲ ಪೂಜೆ. ಮನೆಕೆಲಸದ ಹೆಂಗಸರು, ಕೂಲಿಗಳು ಬರುವ ಹೊತ್ತು ಅದು. ಪರಮಪ್ರಸಾದ ತೆಗೆದುಕೊಳ್ಳುವವರು ನಡುರಾತ್ರಿಯಿಂದ ನೀರೂ ಕುಡಿಯುವಂತಿಲ್ಲ, ಹಾಗಾಗಿ ಬೇಗ ಮುಗಿದರೆ ಒಳ್ಳೇದು. ಹನ್ನೊಂದು ಗಂಟೆಗೆ ದೊಡ್ಡ ಪೂಜೆ, ಹಾಡು, ಧೂಪ, ಪ್ರಸಂಗ, ಅಂದರೆ ಪಾದ್ರಿಯ ಪ್ರವಚನ. ಮಧ್ಯಾಹ್ನ ಮಕ್ಕಳಿಗೆ ಜ್ಞಾನೋಪದೇಶ. ಸಂಜೆ ಮತ್ತೆ ಪ್ರಾರ್ಥನೆ. ಸೋಮವಾರ ಬೆಳಗ್ಗೆ ಅದೇ ಕೋಣೆಯಲ್ಲಿ ಪರದೆ ಎಳೆದು ಪೂಜಾಪೀಠ ಮುಚ್ಚಿ ಶಾಲೆ ನಡೆಸುವುದೂ ಇತ್ತು.

ಹಣ ಬರುತ್ತಿದ್ದದ್ದು ಇಲ್ಲಿಂದ. ಒಂದು, ಬೆಂಚಿನ ಬಾಡಿಗೆ. ಮುಂದಿನ ಸಾಲಿನ ಬೆಂಚಿಗೆ ಮೂರು ತಿಂಗಳಿಗೊಮ್ಮೆ ದುಡ್ಡು ಕಟ್ಟಿದವರಿಗೆ ಆ ಜಾಗ ಕಾಯಂ. ಕಟ್ಟಲಾಗದವರು ಹಿಂದೆ ನಿಲ್ಲಬೇಕು. ಎರಡು, ಬಾಗಿಲ ಕಾಸು. ಒಳಗೆ ಬರುವಾಗ ಬಾಗಿಲಲ್ಲೇ ಒಂದು ಪೆನ್ನಿ. ದೇವರ ಮನೆಗೆ ಟಿಕೆಟ್ಟಾ ಅಂತ ಆಗಲೂ ಬೇಕಾದಷ್ಟು ಜನ ಬೈದಿದ್ದಾರೆ. ನನಗೂ ಅದು ಸರಿ ಅನ್ನಿಸೋದಿಲ್ಲ. ಬಟ್ಟೆಯಿಲ್ಲದೆ ನಾಚಿ ಹೊರಗೆ ಉಳಿದವನಿಗೆ ಇದು ಇನ್ನೊಂದು ನೆಪವಾಯಿತು ಅಷ್ಟೆ.

ಮೂರನೆಯದೇ ಮುಖ್ಯ: ಮನೆಮನೆಯ ಪೆನ್ನಿ. ಇದರ ಹಿಂದೆ ಒಂದು ಐರಿಷ್ ಕಥೆ ಇದೆ. 1823ರಲ್ಲಿ ಡೇನಿಯಲ್ ಓಕಾನಲ್ ಐರ್ಲೆಂಡಿನಲ್ಲಿ ಕ್ಯಾಥೊಲಿಕರ ಹಕ್ಕಿಗಾಗಿ ಒಂದು ಸಂಘ ಕಟ್ಟಿದರು. ಮರುವರ್ಷ ಸದಸ್ಯತ್ವ ತಿಂಗಳಿಗೆ ಒಂದೇ ಪೆನ್ನಿ ಅಂತ ಮಾಡಿದರು. ಅದಕ್ಕೆ 'ಕ್ಯಾಥೊಲಿಕ್ ರೆಂಟ್' ಅಂತ ಹೆಸರು. ಚಾಪೆಲ್ ಬಾಗಿಲಲ್ಲಿ, ಗುಡಿಸಲ ಬಾಗಿಲಲ್ಲಿ ಸಂಗ್ರಹ. ಐದು ವರ್ಷದಲ್ಲಿ ಪಾರ್ಲಿಮೆಂಟು ಮಣಿಯಿತು. ಬರಗಾಲಕ್ಕೆ ಹೆದರಿ ಇಂಗ್ಲೆಂಡಿಗೆ ಬಂದ ಐರಿಷರಿಗೆ ಓದು ಬರುತ್ತಿರಲಿಲ್ಲ, ಹಣ ಇರಲಿಲ್ಲ. ಆದರೆ ಒಂದೊಂದು ಪೆನ್ನಿ ಕೂಡಿಸಿದರೆ ಏನಾಗುತ್ತದೆ ಅನ್ನೋದು ಅವರ ಮನೆಯ ಅನುಭವವಾಗಿತ್ತು. ಇಂಗ್ಲೆಂಡಿನ ಹಳೇ ಕ್ಯಾಥೊಲಿಕ್ ಧಣಿಗಳಿಗೆ ಗೊತ್ತಿಲ್ಲದ ವಿದ್ಯೆ ಅದು.

ಶನಿವಾರ ಕೂಲಿ ಬಟವಾಡೆ. ದುಡ್ಡು ಹೆಂಡದಂಗಡಿ ಸೇರುವ ಮುಂಚೆ ಹಿಡಿಯಬೇಕು. ಊರನ್ನು ಬೀದಿ ಬೀದಿಯಾಗಿ ಹಂಚಿಕೊಂಡ ಸ್ವಯಂಸೇವಕರು ಕೈಯಲ್ಲಿ ಪುಟ್ಟ ಪುಸ್ತಕ ಹಿಡಿದು ಹೊರಡುತ್ತಿದ್ದರು. ಮನೆಯ ಹೆಸರು, ವಾರದ ಚೌಕ, ಒಂದು ಪೆನ್ನಿ, ಒಂದು ಗೀಟು. ಎಷ್ಟೋ ಕಡೆ ಪಾದ್ರಿಯೇ ಬರುತ್ತಿದ್ದರು. ಹಣಕ್ಕೆ ಬಂದ ಹಾಗೂ ಆಯಿತು, ಯಾರಿಗೆ ಕಾಯಿಲೆ, ಯಾರ ಮಗು ಇನ್ನೂ ಜ್ಞಾನಸ್ನಾನ ಆಗಿಲ್ಲ, ಯಾವ ಮನೆಯಲ್ಲಿ ಜಗಳ ಅಂತ ತಿಳಿದ ಹಾಗೂ ಆಯಿತು. ಪೆನ್ನಿ ಅಂದರೆ ಎಷ್ಟು ಅಂತ ಕೇಳುತ್ತೀರಿ. ಆಗ 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. 1889ರಲ್ಲೂ ಲಂಡನ್ ಬಂದರಿನ ಕೂಲಿಗೆ ಗಂಟೆಗೆ ಸಿಗುತ್ತಿದ್ದದ್ದು 5 ಪೆನ್ನಿ. ಅದನ್ನು 6 ಮಾಡಿ ಅಂತಲೇ ಆ ವರ್ಷ ದೊಡ್ಡ ಮುಷ್ಕರ ನಡೆದದ್ದು. ಸಂಧಾನಕ್ಕೆ ಓಡಾಡಿದವರು ವೈಸ್‌ಮನ್ನರ ಜಾಗಕ್ಕೆ ಬಂದಿದ್ದ 81 ವರ್ಷದ ಕಾರ್ಡಿನಲ್ ಮ್ಯಾನಿಂಗ್. ಅಂದರೆ ಒಂದು ಪೆನ್ನಿಗೆ ಹನ್ನೆರಡು ನಿಮಿಷ ಮೂಟೆ ಹೊರಬೇಕು, ಅದೂ ಅವತ್ತು ಕೆಲಸ ಸಿಕ್ಕಿದ್ದರೆ.

ಈ ಪೆನ್ನಿಯಿಂದ ದೀಪ ಉರಿಯುತ್ತದೆ, ಪಾದ್ರಿ ಊಟ ಮಾಡುತ್ತಾರೆ. ಕಟ್ಟಡ ಏಳುವುದಿಲ್ಲ. ಕಟ್ಟಡಕ್ಕೆ ಹೊರಗಿನ ಹಣ ಬೇಕು. ಅದೃಷ್ಟ ಇದ್ದರೆ ಒಬ್ಬ ಶ್ರೀಮಂತ ಸಿಗುತ್ತಾನೆ. ಸ್ಟಾಫರ್ಡ್‌ಶೈರ್‌ನ ಚೀಡ್ಲ್ ಅನ್ನೋ ಸಣ್ಣ ಊರಿನಲ್ಲಿ ಶ್ರೂಸ್‌ಬರಿಯ ಅರ್ಲ್ ತನ್ನ ದುಡ್ಡಿನಲ್ಲಿ ಪ್ಯೂಜಿನ್ ಎಂಬ ವಾಸ್ತುಶಿಲ್ಪಿಯಿಂದ ಸೇಂಟ್ ಜೈಲ್ಸ್ ಚರ್ಚು ಕಟ್ಟಿಸಿದ. 1846ರಲ್ಲಿ ತೆರೆಯಿತು. ಒಳಗೆ ಒಂದಿಂಚೂ ಬಣ್ಣವಿಲ್ಲದ ಜಾಗ ಇಲ್ಲ. ಎಲ್ಲರಿಗೂ ಅರ್ಲ್ ಸಿಗುವುದಿಲ್ಲ ಅಲ್ವಾ? ಸಿಗದವರು ಪೆನ್ನು ಹಿಡಿದು ಮನವಿ ಬರೆದರು.

ಈಗ ನಿಮ್ಮ ಕಟ್ಟು ಬಿಚ್ಚಿ. ಯಾವುದಾದರೂ ಒಂದು ಮನವಿ ಓದಿ. ಬಹುತೇಕ ಒಂದೇ ಜಾಡು ಕಾಣುತ್ತದೆ. ಮೊದಲು ಸಂಖ್ಯೆ: ಈ ಊರಿನಲ್ಲಿ ಇಷ್ಟು ಸಾವಿರ ಕ್ಯಾಥೊಲಿಕರಿದ್ದಾರೆ, ಹೆಚ್ಚಿನವರು ಬಡ ಐರಿಷರು. ಆಮೇಲೆ ಜಾಗದ ಅವಸ್ಥೆ: ಸೋರುವ ಅಟ್ಟ, ಉಸಿರು ಕಟ್ಟುವ ಕೋಣೆ. ಆಮೇಲೆ ಭಯ: ನಾವು ಶಾಲೆ ತೆರೆಯದಿದ್ದರೆ ಮಕ್ಕಳು ಪ್ರಾಟೆಸ್ಟೆಂಟ್ ಶಾಲೆಗೆ ಹೋಗುತ್ತಾರೆ, ನಂಬಿಕೆ ಕಳೆದುಕೊಳ್ಳುತ್ತಾರೆ. ಆಮೇಲೆ ಸಾಲದ ಮೊತ್ತ. ಆಮೇಲೆ ಪ್ರತಿಫಲ: ದಾನಿಗಳಿಗಾಗಿ ತಿಂಗಳಿಗೊಂದು ಪೂಜೆ. ಉಯಿಲಿನಲ್ಲಿ ಬರೆದರೆ ನಿಲ್ಲದ ಅದೇ ಪೂಜೆ ಇಲ್ಲಿ ಬದುಕಿದ್ದವರಿಗೆ ಸಿಗುತ್ತಿದೆ, ಗಮನಿಸಿದಿರಾ? ಕೊನೆಗೆ ವಿಳಾಸ, ಬಿಷಪ್ಪರ ಒಂದು ಸಾಲಿನ ಶಿಫಾರಸು, ಮತ್ತೆ ನಿಮ್ಮನ್ನು ನಗಿಸಿದ ಆ ಮಾತು: ಅಂಚೆಚೀಟಿಯೂ ನಡೆಯುತ್ತದೆ.

ನಗಬೇಡಿ, ಅದು ಬಹಳ ಜಾಣತನದ ಮಾತು. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಅಂಚೆ ಬಂತು. ದೇಶದ ಯಾವ ಮೂಲೆಗೆ ಕಾಗದ ಹಾಕಿದರೂ ಒಂದು ಪೆನ್ನಿ. ದುಡ್ಡು ಕಳಿಸಲು ಮನಿಯಾರ್ಡರ್ ಇತ್ತು, ಆದರೆ ಆರು ಪೆನ್ನಿ ದಾನಕ್ಕೆ ಅಂಚೆ ಕಚೇರಿಗೆ ಹೋಗಿ ಫಾರಂ ತುಂಬಿ ಕಮಿಷನ್ ಕಟ್ಟುವವರು ಯಾರು? ಸಣ್ಣ ಮೊತ್ತಕ್ಕೆ ಅನುಕೂಲವಾದ ಪೋಸ್ಟಲ್ ಆರ್ಡರ್ ಬಂದದ್ದು 1881ರಲ್ಲಿ. ನಡುವಿನ 40 ವರ್ಷ ಅಂಚೆಚೀಟಿಯೇ ಚಿಲ್ಲರೆ. ಲಕೋಟೆಯೊಳಗೆ ಆರು ಚೀಟಿ ಇಟ್ಟು ಕಳಿಸಿದರೆ ಆಯಿತು. ಪಾದ್ರಿಗೂ ನಷ್ಟವಿಲ್ಲ, ಮುಂದಿನ ನೂರು ಮನವಿಗೆ ಅದನ್ನೇ ಅಂಟಿಸಬಹುದು! ಹಳ್ಳಿಮನೆಯಲ್ಲಿ ಅಡುಗೆ ಕೆಲಸಕ್ಕಿದ್ದ ಹುಡುಗಿ ಕೂಡ ತಾನು ಎಂದೂ ನೋಡದ ಊರಿನ ಚರ್ಚಿಗೆ ಕೊಡುವ ಹಾಗಾದದ್ದು ಈ ಚೀಟಿಯಿಂದ. ಅಂಚೆ ಇಲಾಖೆ ಇದನ್ನು ಯೋಚಿಸಿಯೇ ಇರಲಿಲ್ಲ ಅನ್ನಿ.

ನಿಮ್ಮ ಸೇಂಟ್ ಜಾರ್ಜ್‌ಗೆ ಬರೋಣ. ನೀವು ಕೇಳಿದ್ದು ನಿಜ. ಆ ಪಾದ್ರಿಯ ಹೆಸರು ಥಾಮಸ್ ಡಾಯ್ಲ್. ಲಂಡನ್‌ನಲ್ಲಿ ಹುಟ್ಟಿದ ಐರಿಷ್ ಮೂಲದವರು. ಲಂಡನ್ ರೋಡಿನಲ್ಲಿದ್ದ ಹಳೇ ಚಾಪೆಲ್ ಜನಕ್ಕೆ ಸಾಲದೇ ಹೋದಾಗ ದೊಡ್ಡದನ್ನೇ ಕಟ್ಟುವ ಹಟ ಹಿಡಿದರು. ಜಾಗ ಸೇಂಟ್ ಜಾರ್ಜ್ ಬಯಲು. 1780ರ ಜೂನ್‌ನಲ್ಲಿ ಲಾರ್ಡ್ ಜಾರ್ಜ್ ಗಾರ್ಡನ್ ಕ್ಯಾಥೊಲಿಕರ ವಿರುದ್ಧ ಸಾವಿರಾರು ಜನರನ್ನು ಸೇರಿಸಿದ ಬಯಲು ಅದೇ. ಆ ಗುಂಪು ಮುಂದೆ ದಿನಗಟ್ಟಲೆ ಲಂಡನ್ ಸುಟ್ಟಿತು. ಅಂಥ ಜಾಗದಲ್ಲೇ ಪೂಜಾಪೀಠ ಇಟ್ಟರು. ನಕ್ಷೆ ಮತ್ತೆ ಪ್ಯೂಜಿನ್‌ನದೇ. ಒಂದು ಕಥೆ ಇದೆ. ಆತ ಮೊದಲು ತಂದ ಭಾರೀ ನಕ್ಷೆ ನೋಡಿ ಕಮಿಟಿಯವರು 'ಖರ್ಚು ಎಷ್ಟಾಗುತ್ತೆ?' ಅಂತ ಕೇಳಿದರಂತೆ. ಪ್ಯೂಜಿನ್ ಮಾತಾಡದೆ ಕಾಗದ ಸುತ್ತಿ, ಟೋಪಿ ಎತ್ತಿಕೊಂಡು ಹೊರಟೇಹೋದನಂತೆ. ಕಮಿಟಿಯಲ್ಲಿ ಕೂತವರ ಮೇಲೆ ನನಗೆ ಕನಿಕರ. ಕೇಳಿದ್ದರಲ್ಲಿ ತಪ್ಪೇನಿತ್ತು? ಕೊನೆಗೆ ಕಟ್ಟಿದ್ದು ಎರಡನೇ, ಅಗ್ಗದ ನಕ್ಷೆ. 1848ರ ಜುಲೈ 4ರಂದು ವೈಸ್‌ಮನ್ ತೆರೆದರು. ಗೋಪುರದ ತುದಿಗೆ ಮಾತ್ರ ಹಣ ಒದಗಲಿಲ್ಲ. 1941ರಲ್ಲಿ ಬಾಂಬು ಬಿದ್ದು ಚರ್ಚು ಸುಟ್ಟಿತು, 1958ರಲ್ಲಿ ಮತ್ತೆ ತೆರೆಯಿತು, ಆಗಲೂ ಗೋಪುರ ಏರಲಿಲ್ಲ. ನೀವು ನೋಡಿದ್ದು ಆ ಮೊಂಡು ಗೋಪುರವನ್ನೇ.

ಇನ್ನು ನಾಟಕವೋ ನಿಜವೋ ಅನ್ನೋದು. ಇದಕ್ಕೆ ನನ್ನ ಹತ್ತಿರ ಒಂದು ಸುಲಭದ ಅಳತೆಗೋಲಿದೆ. ಇಂಗ್ಲೆಂಡಿನ ಯಾವುದೇ ಹಳೇ ಕ್ಯಾಥೊಲಿಕ್ ಚರ್ಚಿನಲ್ಲಿ ಎರಡು ವರ್ಷ ಕೇಳಿ: ತೆರೆದದ್ದು ಯಾವಾಗ, ಪ್ರತಿಷ್ಠೆಯಾದದ್ದು ಯಾವಾಗ. ಸಾಲ ತೀರುವವರೆಗೂ ಚರ್ಚನ್ನು ಪ್ರತಿಷ್ಠೆ ಮಾಡುತ್ತಿರಲಿಲ್ಲ. ಸಾಲಗಾರ ಹರಾಜು ಹಾಕಬಹುದಾದ ಕಟ್ಟಡವನ್ನು ದೇವರಿಗೆ ಕೊಡುವುದು ಹೇಗೆ? ಸೇಂಟ್ ಜಾರ್ಜ್ ತೆರೆದದ್ದು 1848, ಪ್ರತಿಷ್ಠೆ 1894. ಡಾಯ್ಲ್ ತೀರಿಕೊಂಡದ್ದು 1879ರಲ್ಲಿ. ವೆಸ್ಟ್‌ಮಿನ್‌ಸ್ಟರ್ ಕೆಥೆಡ್ರಲ್ ತೆರೆದದ್ದು 1903, ಪ್ರತಿಷ್ಠೆ 1910. ಅದರ ಒಳಗೆ ತಲೆಯೆತ್ತಿ ನೋಡಿದರೆ ಮೇಲ್ಭಾಗದ ಇಟ್ಟಿಗೆ ಇವತ್ತಿಗೂ ಬರಿಯಾಗಿದೆ, ಮೊಸಾಯಿಕ್ ಅಲ್ಲಿಯವರೆಗೆ ಮುಟ್ಟಿಲ್ಲ. ಹೀಗಾಗಿ ಗೋಳು ನಿಜ.

ನಿಜವಾದ ಗೋಳನ್ನೂ ಒಂದಿಷ್ಟು ಚೆನ್ನಾಗಿಯೇ ಅಭಿನಯಿಸುತ್ತಿದ್ದರು. ಅದನ್ನೂ ಹೇಳಬೇಕು. ವರ್ಷಕ್ಕೊಮ್ಮೆ ದಾನದ ಪ್ರಸಂಗ ಇರುತ್ತಿತ್ತು. ಹೆಸರಾಂತ ಪ್ರಸಂಗಕಾರರನ್ನು ಕರೆಸಿ, ಪತ್ರಿಕೆಯಲ್ಲಿ ಹಾಕಿಸಿ, ಅನಾಥ ಮಕ್ಕಳನ್ನು ತೊಳೆದು ಬಳಿದು ಎದುರು ಸಾಲಿನಲ್ಲಿ ಕೂರಿಸಿ, ಜನರ ಕಣ್ಣು ಒದ್ದೆಯಾದ ಗಳಿಗೆಗೆ ಸರಿಯಾಗಿ ಕಾಣಿಕೆ ತಟ್ಟೆ ಬರುತ್ತಿತ್ತು. ಲಂಡನ್‌ನ ಹಳೇ ಧರ್ಮಸಂಸ್ಥೆಗಳದ್ದು ಇನ್ನೊಂದು ದಾರಿ, ವಾರ್ಷಿಕ ಔತಣ. ಊಟವಾಗಿ, ವೈನ್ ಸುತ್ತು ಮುಗಿದ ಮೇಲೆ ಯಾರು ಎಷ್ಟು ಕೊಟ್ಟರು ಅಂತ ಜೋರಾಗಿ ಓದುವುದು. ಗಣಪತಿ ಚಂದಾ ಪಟ್ಟಿಯಲ್ಲಿ ಮೊದಲ ಹೆಸರು ಯಾರದ್ದು ಬರೆಯಬೇಕು ಅಂತ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇವುಗಳ ಜೊತೆ ಬಜಾರು, ಟೀ ಪಾರ್ಟಿ, ಬಹುಮಾನ ಎತ್ತುವ ಚೀಟಿ. ಒಮ್ಮೆ ಕೋರ್ಟಿನ ಖರ್ಚಿಗೂ ಎತ್ತಿದ್ದಾರೆ. ಆಂಗ್ಲಿಕನ್ ಚರ್ಚು ಬಿಟ್ಟು ಕ್ಯಾಥೊಲಿಕ್ ಪಾದ್ರಿಯಾಗಿದ್ದ ಜಾನ್ ಹೆನ್ರಿ ನ್ಯೂಮನ್ ಮೇಲೆ ಅಕಿಲ್ಲಿ ಅನ್ನೋ ಮಾಜಿ ಪಾದ್ರಿ ಮಾನನಷ್ಟದ ಮೊಕದ್ದಮೆ ಹೂಡಿದಾಗ ದಂಡ ಬಿದ್ದದ್ದು 100 ಪೌಂಡು, ವಕೀಲರ ಖರ್ಚು 10,000 ಪೌಂಡಿಗೂ ಜಾಸ್ತಿ. ಯೂರೋಪು, ಅಮೆರಿಕದ ಕ್ಯಾಥೊಲಿಕರು ವಂತಿಗೆ ಎತ್ತಿ ತೀರಿಸಿದರು.

ಹಣ ಎಲ್ಲಿಗೆ ಹೋಗಬೇಕು ಅಂತ ಒಳಗೇ ಜಗಳವೂ ಇತ್ತು. 1865ರಲ್ಲಿ ವೈಸ್‌ಮನ್ ತೀರಿಕೊಂಡಾಗ ಅವರ ನೆನಪಿಗೆ ಕೆಥೆಡ್ರಲ್ ಕಟ್ಟಬೇಕು ಅಂತ ಗಣ್ಯರು ಹೊರಟರು. ಅವರ ಜಾಗಕ್ಕೆ ಬಂದ ಮ್ಯಾನಿಂಗ್ ಬೇಡ ಅನ್ನಲಿಲ್ಲ, ಆದರೆ ಮೊದಲು ಶಾಲೆ ಅಂದರು. ಲಂಡನ್‌ನಲ್ಲಿ 20,000 ಕ್ಯಾಥೊಲಿಕ್ ಮಕ್ಕಳು ಓದಿಲ್ಲದೆ ಬೀದಿಯಲ್ಲಿರುವಾಗ ನಾನು ಕಲ್ಲು ಇಟ್ಟಿಗೆ ಪೇರಿಸಲೇ ಅನ್ನೋದು ಅವರ ವಾದ. 1866ರಲ್ಲಿ ಶಿಕ್ಷಣ ನಿಧಿ ಶುರು ಮಾಡಿದರು. ಜಾಗ ಕೊಂಡಿಟ್ಟರು, ಕಟ್ಟಲಿಲ್ಲ. ಅಡಿಗಲ್ಲು ಬಿದ್ದದ್ದು ಅವರು ತೀರಿಕೊಂಡ ಮೂರು ವರ್ಷಕ್ಕೆ, 1895ರಲ್ಲಿ, ಮ್ಯಾನಿಂಗ್ ಆದಮೇಲೆ ಅದೇ ಪೀಠಕ್ಕೆ ಬಂದ ಹರ್ಬರ್ಟ್ ವಾನ್ ಅವರ ಕಾಲದಲ್ಲಿ. ವಾನ್ ಅವರೂ ಬೇಡುವುದರಲ್ಲಿ ಪಳಗಿದ ಕೈ. ಯುವಕರಾಗಿದ್ದಾಗ ಎರಡು ವರ್ಷ ಅಮೆರಿಕ ಖಂಡ ಸುತ್ತಿ ಹಣ ತಂದು 1866ರಲ್ಲಿ ಲಂಡನ್ ಹೊರವಲಯದ ಮಿಲ್ ಹಿಲ್‌ನಲ್ಲಿ ಮಿಷನರಿಗಳ ಕಾಲೇಜು ತೆರೆದಿದ್ದರು. ಅಲ್ಲಿ ಕಲಿತವರು 1875ರಲ್ಲಿ ಮದ್ರಾಸ್ ಪ್ರಾಂತ್ಯದ ತೆಲುಗು ಸೀಮೆಗೂ ಬಂದರು.

ಬೇಡುವುದರಲ್ಲಿ ಎಲ್ಲರಿಗಿಂತ ಧೈರ್ಯ ಇದ್ದದ್ದು ಸಿಸ್ಟರುಗಳಿಗೆ. ಫ್ರಾನ್ಸಿನಿಂದ 1851ರಲ್ಲಿ ಲಂಡನ್‌ಗೆ ಬಂದ 'ಬಡವರ ಪುಟ್ಟ ಸಿಸ್ಟರು'ಗಳು ಗಾಡಿ ತೆಗೆದುಕೊಂಡು ಮನೆ, ಹೋಟೆಲು, ಮಾರ್ಕೆಟ್ಟು ಸುತ್ತುತ್ತಿದ್ದರು. ಉಳಿದ ಬ್ರೆಡ್ಡು, ಒಮ್ಮೆ ಕಾಸಿದ ಚಹಾದ ಸೊಪ್ಪು, ಕಾಫಿಯ ಚರಟ. ಮನೆಗೆ ತಂದು ಚರಟವನ್ನು ಮತ್ತೆ ಕುದಿಸಿ ತಾವು ಸಾಕುತ್ತಿದ್ದ ಮುದುಕ ಮುದುಕಿಯರಿಗೆ ಕೊಡುತ್ತಿದ್ದರು, ಉಳಿದರೆ ತಾವು. ಲಂಡನ್‌ನ ಬರ್ಮಂಡ್ಸಿಯಲ್ಲಿ 1839ರಿಂದ ಮರ್ಸಿ ಸಿಸ್ಟರುಗಳಿದ್ದರು. 1854ರಲ್ಲಿ ಅವರಲ್ಲಿ ಐವರು ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೋದರು. 1844ರಲ್ಲಿ ಲಂಡನ್‌ಗೆ ಬಂದ ವಿನ್ಸೆಂಟ್ ದೆ ಪಾಲ್ ಸಭೆಯ ಗೃಹಸ್ಥರು ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗುತ್ತಿದ್ದರು. ಕೈಗೆ ಕಾಸು ಕೊಡುವ ಬದಲು ಬ್ರೆಡ್ಡಿಗೆ, ಕಲ್ಲಿದ್ದಲಿಗೆ ಚೀಟಿ ಕೊಡುತ್ತಿದ್ದರು.

ಒಂದು ಕಹಿ ಮಾತೂ ಇದೆ. ಮನವಿಗಳಲ್ಲಿ ಜಾಸ್ತಿ ಕೆಲಸ ಮಾಡಿದ್ದು 'ಮಕ್ಕಳು ಕೈ ತಪ್ಪುತ್ತಿದ್ದಾರೆ' ಅನ್ನೋ ಭಯ. ಅದು ಸುಮ್ನೆ ಹುಟ್ಟಿಸಿದ ಭಯ ಅಲ್ಲ. ಸರ್ಕಾರಿ ಅನಾಥಾಲಯಗಳಲ್ಲಿ ಕ್ಯಾಥೊಲಿಕ್ ಮಕ್ಕಳನ್ನು ಪ್ರಾಟೆಸ್ಟೆಂಟರಾಗಿ ಬೆಳೆಸುವುದು ನಡೆಯುತ್ತಲೇ ಇತ್ತು. ಡಾಕ್ಟರ್ ಬರ್ನಾರ್ಡೊ ಅವರ ಪ್ರಾಟೆಸ್ಟೆಂಟ್ ಆಶ್ರಮದಿಂದ ಕ್ಯಾಥೊಲಿಕ್ ತಾಯಂದಿರು ಮಕ್ಕಳನ್ನು ವಾಪಸು ಪಡೆಯಲು ಹೂಡಿದ ಮೊಕದ್ದಮೆ 1891ರಲ್ಲಿ ಆಗಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಯಿತು. ಆದರೆ ಈ ಪೈಪೋಟಿಯಲ್ಲಿ ಮಗು ಯಾರ ಪಟ್ಟಿಯಲ್ಲಿದೆ ಅನ್ನೋದೇ ದೊಡ್ಡದಾಯಿತು. ಲಿವರ್‌ಪೂಲಿನ ಫಾದರ್ ಜೇಮ್ಸ್ ನ್ಯೂಜೆಂಟ್ ನಿಜಕ್ಕೂ ದೊಡ್ಡ ಮನುಷ್ಯ. ಬೀದಿ ಹುಡುಗರಿಗೆ ಊಟ, ಹಾಸಿಗೆ, ಕಸುಬು ಕೊಟ್ಟವರು, 22 ವರ್ಷ ವಾಲ್ಟನ್ ಜೈಲಿನ ಗುರುಗಳಾಗಿದ್ದವರು. 1870ರಲ್ಲಿ ಅವರೇ ಮಕ್ಕಳ ಒಂದು ತಂಡವನ್ನು ಕೆನಡಾಕ್ಕೆ ಕರೆದೊಯ್ದರು. ಅಲ್ಲಿ ಒಳ್ಳೇ ಬದುಕು ಸಿಗುತ್ತದೆ ಅಂತ ನಂಬಿದ್ದರು. ಪ್ರಾಟೆಸ್ಟೆಂಟರೂ ಕ್ಯಾಥೊಲಿಕರೂ ಸೇರಿ ಬ್ರಿಟನ್ ಮುಂದಿನ ದಶಕಗಳಲ್ಲಿ ಸುಮಾರು ಒಂದು ಲಕ್ಷ ಮಕ್ಕಳನ್ನು ಹೀಗೆ ಕೆನಡಾಕ್ಕೆ ಸಾಗಿಸಿತು. ಎಷ್ಟೋ ಮಕ್ಕಳು ಹೊಲದಲ್ಲಿ ಜೀತದಾಳಿನಂತೆ ದುಡಿದರು. ಬ್ರಿಟನ್ನಿನ ಪ್ರಧಾನಿ ಈ ಮಕ್ಕಳ ಸಾಗಣೆಗೆ ಕ್ಷಮೆ ಕೇಳಿದ್ದು 2010ರಲ್ಲಿ. ನಿಮ್ಮ ಕಟ್ಟಿನಲ್ಲಿ ಅನಾಥ ಹುಡುಗರ ಮನವಿ ಕಂಡರೆ ಇದನ್ನೂ ಮನಸ್ಸಿನಲ್ಲಿಟ್ಟು ಓದಿ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಪುರುಸೊತ್ತಿದ್ದಾಗ ಮಾಡಿ. ನಿಮ್ಮ ಕಟ್ಟಿನಿಂದ ಒಬ್ಬ ಪಾದ್ರಿಯನ್ನು, ಒಂದು ಊರನ್ನು ಆರಿಸಿಕೊಳ್ಳಿ. ಆತನ ಮನವಿಯನ್ನು ಬಿಟ್ಟು, ಮುಂದಿನ ವಾರಗಳಲ್ಲಿ ಆತ ಹಾಕಿಸಿದ 'ಹಣ ಬಂತು' ಪಟ್ಟಿಯನ್ನು ಹುಡುಕಿ. ಸಣ್ಣ ಅಕ್ಷರದಲ್ಲಿರುತ್ತದೆ, ಭೂತಗನ್ನಡಿ ಇಟ್ಟುಕೊಳ್ಳಿ. ಮೇಲ್ಗಡೆ ಪದವಿಯಿದ್ದವರ ಪೂರ್ತಿ ಹೆಸರು, ಪೌಂಡಿನ ಲೆಕ್ಕ. ಕೆಳಗೆ ಇಳಿದಂತೆ ಹೆಸರು ಹೋಗಿ ಬರೀ ಎರಡಕ್ಷರ. ಇನ್ನೂ ಕೆಳಗೆ ಅದೂ ಇಲ್ಲ, 'ಒಬ್ಬ ಬಡ ಕೆಲಸದಾಕೆ' ಅನ್ನೋ ಥರದ ಗುರುತು, ಎದುರಿಗೆ ಪೆನ್ನಿಯ ಅಂಕಿ. ಆ ಕೆಳಗಿನ ಸಾಲುಗಳನ್ನು ಒಂದು ವರ್ಷದ ಸಂಚಿಕೆಗಳಿಂದ ಕೂಡಿಸಿ, ಮೇಲಿನ ಸಾಲುಗಳ ಪಕ್ಕದಲ್ಲಿಟ್ಟು ನೋಡಿ. ಲೆಕ್ಕ ಏನು ಬಂತು ಅಂತ ನನಗೂ ಬರೆದು ತಿಳಿಸಿ. ಅಂಚೆಚೀಟಿ ಖರ್ಚು ನಿಮ್ಮದೇ.